ಬೆಂಕಿಪೊಟ್ಟಣದ ಮಂದಿ

ಹುಸೇನಪ್ಪ ಮನುಷ್ಯರನ್ನು ಮೊದಲು ಮೂಸುತ್ತಾನೆ, ನಮಸ್ಕಾರ ಆಮೇಲೆ. ತಳಕಲ್ಲು ಊರಿನ ಹೊರಗೆ ಕೊಟ್ರಬಸಪ್ಪನ ಹೊಲದಲ್ಲಿ ಬಿಳಿ ಪರದೆ ಹೊದ್ದು ನಿಂತಿರುವ ನೆಟ್‌ಹೌಸಿನ ಬಾಗಿಲಿಗೆ ಅಡ್ಡ ನಿಂತು, ಬಂದವರ ಹೆಗಲ ಹತ್ತಿರ ಮೂಗು ತಂದು, ಎರಡು ಸಲ ಉಸಿರೆಳೆದು ತೀರ್ಪು ಕೊಡುತ್ತಾನೆ. ತಲೆಗೆ ಘಮಘಮ ಎಣ್ಣೆ ಹಚ್ಚಿದವರು ಹೊರಗೆ. ಸೊಳ್ಳೆಯ ಮುಲಾಮು ಸವರಿಕೊಂಡು ಬಂದ ಅಧಿಕಾರಿಯೂ ಹೊರಗೆ. ಬೀಡಿ ಸೇದಿದ ಕೈಯವನು ಮೊಣಕೈತನಕ ಸಾಬೂನು ಹಚ್ಚಿ ತೊಳೆದು ಬಂದರೆ ವಿಚಾರ ಮಾಡುತ್ತಾನೆ. ಧರಣಿಗಳಲ್ಲಿ ಕೂತೂ ಕೂತೂ ಕೂದಲು ನರೆಸಿಕೊಂಡ ನನ್ನನ್ನೂ, ಅಲ್ಲಿಗೆ ಹೋದ ಮೊದಲ ದಿನ, ಅವನು ಬಾಗಿಲಿಂದಲೇ ವಾಪಸು ಕಳಿಸಿದ.

"ಅಣ್ಣಾರ, ನಿಮ್ಮ ಮೈಯಾಗ ತಂಬಾಕದ ವಾಸನಿ ಐತಿ. ನಮ್ಮ ಮಂದಿಗೆ ಆಗಂಗಿಲ್ಲ."

ನಮ್ಮ ಮಂದಿ ಅಂದರೆ ಹುಳ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕಿಯಿಟ್ಟುಕೊಂಡ, ನಾವೆಲ್ಲ ಹುಡುಗಾಟದಲ್ಲಿ ಅಂಗೈ ಮೇಲೆ ಹರಿಸಿ ಮರೆತುಬಿಟ್ಟ ಗುಲಗಂಜಿ ಹುಳ. ಅವನು ಅವುಗಳನ್ನು ಬೆಂಕಿಪೊಟ್ಟಣಗಳಲ್ಲಿ ತುಂಬಿ, ಪೊಟ್ಟಣಕ್ಕೆ ಸೂಜಿಯಿಂದ ತೂತು ಹೊಡೆದು, ಕೋಟಿನ ಒಳಜೇಬುಗಳಲ್ಲಿ ಸಾಲಾಗಿ ಇಟ್ಟುಕೊಂಡು ತಿರುಗುತ್ತಾನೆ. ಆ ಕೋಟು ವಕೀಲರದು. ಹೊಗೆ ಉಗುಳುವ ಒಂದು ಕಾರ್ಖಾನೆಯ ಮುಂದೆ ಧರಣಿ ಕೂತು, ಅವನೂ ಸೇರಿ ನಾವು ಹನ್ನೊಂದು ಜನ ಕೊಪ್ಪಳದ ಕೋರ್ಟಿಗೆ ಅಲೆಯುತ್ತಿದ್ದಾಗ, ನಮ್ಮ ಪರ ನಿಂತ ವಕೀಲರು ಕೇಸು ಮುಗಿದ ದಿನ ತಮ್ಮ ಹಳೇ ಕರಿ ಕೋಟನ್ನು ಅವನ ಹೆಗಲಿಗೆ ಹಾಕಿದ್ದರು. "ಬಿಡುಗಡಿ ನಿಮಗ ಸಿಕ್ತು, ಕೋಟು ನನಗ ಸಿಕ್ತು" ಎಂದು ಅವನು ಈಗಲೂ ನಗುತ್ತಾನೆ. ಏಪ್ರಿಲ್ ತಿಂಗಳ ಉರಿಯಲ್ಲಿ ಕೂಡ ಅದನ್ನು ಬಿಚ್ಚಿದವನಲ್ಲ. ನಾಲಿಗೆಗೆ ಉಪ್ಪು ತಿಳಿಯುವುದಿಲ್ಲ, ಬಲಗಣ್ಣಿನಲ್ಲಿ ಸದಾ ನೀರು; ಮೂಗು ಮಾತ್ರ ನಾಯಿಯಂತೆ ಚುರುಕು. ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗಿ ನಡೆಯುತ್ತಾನೆ, ಎಡಗೈ ತಾನಾಗಿಯೇ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಹತ್ತೊಂಬತ್ತು ವರ್ಷ ಬೆನ್ನಿಗೆ ಔಷಧದ ಪಂಪು ಹೊತ್ತು, ಎಡಗೈಯಿಂದ ಅದರ ಹಿಡಿಕೆಯನ್ನು ಒತ್ತಿ ಒತ್ತಿ, ಯಲಬುರ್ಗಾ ತಾಲೂಕಿನ ಅರ್ಧ ಹೊಲಗಳಿಗೆ ವಿಷ ಉಣಿಸಿದವನ ಕೈ ಅದು. ಪಂಪು ಇಳಿದು ಮೂರು ವರ್ಷವಾದರೂ ಕೈಗೆ ಸುದ್ದಿ ಮುಟ್ಟಿಲ್ಲ. ಸಿಟ್ಟು ಬಂದರೆ ಅದು ಇನ್ನೂ ಜೋರಾಗಿ ಆಡುತ್ತದೆ.

ಪಂಪು ಇಳಿದದ್ದು ಹೇಗೆ ಎಂಬುದನ್ನು ಹೇಳಲೇಬೇಕು. ನಮ್ಮ ಕಡೆಯ ನೆಟ್‌ಹೌಸುಗಳಲ್ಲಿ ಬೆಳೆಯುವುದು ತಿನ್ನುವ ಕಾಯಿಯಲ್ಲ, ಬೀಜ. ಕಂಪನಿಯವರು ಗಂಡು ಸಸಿ, ಹೆಣ್ಣು ಸಸಿ ಬೇರೆ ಬೇರೆ ಕೊಡುತ್ತಾರೆ. ಜೇನು ಒಳಗೆ ಬರದ ಹಾಗೆ ಪರದೆ ಕಟ್ಟಿ, ಜೇನು ಮಾಡುವ ಕೆಲಸವನ್ನು ಹೆಣ್ಣುಮಕ್ಕಳ ಬೆರಳಿಂದ ಮಾಡಿಸುತ್ತಾರೆ. ಮೊಗ್ಗು ಬಿಡಿಸಿ, ಕೇಸರ ಕಿತ್ತು, ಪರಾಗ ಮುಟ್ಟಿಸಿ, ಗುರುತಿಗೆ ಬಣ್ಣದ ದಾರ ಕಟ್ಟುವ ಈ ಕೆಲಸಕ್ಕೆ ಊರವರು ಕ್ರಾಸಿಂಗ್ ಅನ್ನುತ್ತಾರೆ. ಹೂವು ಯಾರಿಗೂ ಕಾಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೆ ಔಷಧ ಹೊಡೆದು ಒಂಬತ್ತಕ್ಕೆ ಹೆಂಗಸರನ್ನು ಒಳಗೆ ಬಿಡುವುದು ರೂಢಿಯಾಗಿಬಿಟ್ಟಿತ್ತು. ಬಯಲಿನ ವಿಷ ಗಾಳಿಗಾದರೂ ಹೋದೀತು, ಪರದೆಯೊಳಗಿನ ವಿಷ ಎಲ್ಲಿಗೂ ಹೋಗದು. ಮೂರು ವರ್ಷದ ಹಿಂದೆ ದೊಣ್ಣೆಮೆಣಸಿನಕಾಯಿಯ ಸಾಲಿನಲ್ಲಿ ಶ್ವೇತಾ ಎಂಬ ಹುಡುಗಿ, ಕ್ರಾಸಿಂಗ್ ಗುಂಪಿನ ಮುಖಂಡೆ ದುರಗಮ್ಮನ ಮಗಳು, ಬಾಯಲ್ಲಿ ನೊರೆ ತಂದುಕೊಂಡು ಬಿದ್ದಳು. ಎರಡು ದಿನ ಆಸ್ಪತ್ರೆಯಲ್ಲಿದ್ದು ಬದುಕಿದಳು. ಅವತ್ತು ಬೆಳಿಗ್ಗೆ ಔಷಧ ಹೊಡೆದವನು ಹುಸೇನಪ್ಪ.

ಅವನು ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಪಂಪು ತಂದು ನೆಟ್‌ಹೌಸಿನ ಬಾಗಿಲ ಬೇವಿನ ಟೊಂಗೆಗೆ ತಲೆಕೆಳಗು ನೇತುಹಾಕಿ, ಕೊಟ್ರಬಸಪ್ಪನಿಗೆ ಇಷ್ಟೇ ಅಂದ: "ಗೌಡ್ರ, ಇನ್ನ ಆಗಂಗಿಲ್ಲ."

"ಹುಳ ಬಿದ್ರ?"

"ಹುಳಕ್ಕ ಹುಳ ಬಿಡ್ತೀನಿ."

ಗೌಡ ನಕ್ಕ. ಆದರೆ ಹುಸೇನಪ್ಪ ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿಕೊಂಡು ಔಷಧ ಹೊಡೆದವನಲ್ಲ. ಕುಸುಬಿ ಹೊಲಕ್ಕೆ ಹೊಡೆದ ಹತ್ತೇ ದಿನಕ್ಕೆ ಗಿಡದ ರಸ ಹೀರುವ ಹೇನು ಇಮ್ಮಡಿಯಾಗಿ ತಿರುಗಿ ಬರುವುದನ್ನೂ, ಪಂಪಿನ ನೀರು ಮುಗಿದು ಬಿಟ್ಟುಹೋದ ಮೂಲೆಯಲ್ಲಿ ಗುಲಗಂಜಿ ಹುಳಗಳು ಗಿಡ ತೊಳೆದಿಟ್ಟ ಹಾಗೆ ಮಾಡಿರುವುದನ್ನೂ ಅವನು ಕಂಡಿದ್ದ. ಚಳಿಗಾಲದ ನಸುಕಿನಲ್ಲಿ, ಹುಳಗಳು ರೆಕ್ಕೆ ಸೆಟೆದು ಹಾರಲಾರದೆ ಕೂತಿರುವಾಗ, ಕುಸುಬಿಯ ಮುಳ್ಳಿಗೆ ಕೈಯೊಡ್ಡಿ ಒಂದೊಂದನ್ನೇ ಆರಿಸಿ ತಂದ. ನೆಟ್‌ಹೌಸಿನ ಪಕ್ಕ ಒಂದು ಸಾಲು ಅಲಸಂದಿ ಹಾಕಿ, ಅದಕ್ಕೆ ಬೇಕೆಂದೇ ಹೇನು ಬೀಳಿಸಿ, ಒಳಗೆ ತಿನ್ನಲು ಕಡಿಮೆಯಾದ ದಿನ ತನ್ನ ಮಂದಿಗೆ ಅದೇ ಬುತ್ತಿ ಅಂದ.

ಮೊದಲ ವರ್ಷ ಅವನ ಮಂದಿಯನ್ನು ಕೊಂದದ್ದು ದುರಗಮ್ಮನೇ. ಈ ಚಂದದ ಹುಳದ ಮರಿ ಚಂದವಿಲ್ಲ. ಕರಿ ಮೈ, ಮೇಲೆ ಕಿತ್ತಳೆ ಮಚ್ಚೆ, ಮೊಸಳೆಯ ನಡಿಗೆ. ಎಲೆಯಡಿ ಕಂಡದ್ದನ್ನೆಲ್ಲ ಆಕೆ ಪೀಡೆಯೆಂದು ಹೊಸಕಿ, ಸಂಜೆ ಬಂದು ವರದಿ ಒಪ್ಪಿಸಿದಳು.

"ಯಣ್ಣಾ, ನಲವತ್ತು ಹುಳ ಕೊಂದೀನಿ, ಚಾ ಕುಡಸು."

"ನಲವತ್ತು ಕೂಲಿಯವರನ್ನ ಕೊಂದು ಚಾ ಕೇಳ್ತೀಯಲ್ಲವ್ವಾ" ಎಂದು ಅವನು ಉಳಿದ ಒಂದು ಮರಿಯನ್ನು ಹೇನು ಮೆತ್ತಿದ ಎಲೆಯ ಮೇಲಿಟ್ಟು, ಎಲೆಯನ್ನು ಆಕೆಯ ಕೈಗೆ ಕೊಟ್ಟು, ಕತ್ತಲಾಗುವ ತನಕ ಕೂಡಿಸಿದ. ಮರಿ ಒಂದೊಂದೇ ಹೇನನ್ನು ಹಿಡಿದೆತ್ತಿ ಹೀರುವುದನ್ನು ನೋಡಿ ದುರಗಮ್ಮ ಅಂದದ್ದು, "ಬಾಡ್ಯಾ, ನನ್ನ ಗಂಡಗಿಂತ ಛಲೋ ದುಡಿತೈತಿ." ಅಂದಿನಿಂದ ಹೆಂಗಸರೇ ಅವನ ಕಾವಲುಗಾರರು.

ಕಳೆದ ಚಳಿಗಾಲದಲ್ಲಿ ಪರೀಕ್ಷೆ ಬಂತು. ಬಾಗಿಲ ಪಕ್ಕದ ಸಾಲುಗಳಲ್ಲಿ ಹೇನು ಎದ್ದವು. ಅವು ಜಿನುಗಿಸಿದ ರಸಕ್ಕೆ ಎಲೆ ಅಂಟಾದವು, ಅಂಟಿನ ಮೇಲೆ ಕರಿ ಬೂಷ್ಟು ಕೂತಿತು. ಹುಸೇನಪ್ಪ ದಿನವೂ ಹುಳ ಬಿಟ್ಟ. ಮರುದಿನ ಆ ಮೂಲೆಯಲ್ಲಿ ಒಂದೂ ಇರುತ್ತಿರಲಿಲ್ಲ. ಕಂಪನಿಯ ಫೀಲ್ಡ್‌ಮನ್ ಪ್ರಭುರಾಜ ಸೋಮವಾರ ಬಂದು, ಎಲೆ ಮಗುಚಿ ನೋಡಿ, ಬೆರಳು ಒರೆಸಿಕೊಂಡ.

"ಗುರುವಾರದ ತನಕ ಟೈಮ್ ಕೊಡ್ತೀನಿ ಗೌಡ್ರ. ಔಷಧ ಹೊಡಿಬೇಕು. ಇಲ್ಲಂದ್ರ ಪ್ಲಾಟ್ ರಿಜೆಕ್ಟ್."

ಪ್ಲಾಟ್ ರಿಜೆಕ್ಟ್ ಅಂದರೆ ಇಡೀ ಹಂಗಾಮಿನ ಬೀಜ ಕಂಪನಿಗೂ ಬೇಡ, ಸಂತೆಗೂ ಬೇಡ. ಇಪ್ಪತ್ತೆರಡು ಹೆಂಗಸರ ಕೆಲಸ ಅಲ್ಲಿಗೆ ಮುಗಿದಂತೆ. ಔಷಧ ಹೊಡೆದರೆ ಅದೇ ಇಪ್ಪತ್ತೆರಡು ಹೆಂಗಸರು ಅದನ್ನು ಉಸಿರಾಡಬೇಕು, ಅವರಲ್ಲಿ ಶ್ವೇತಾಳೂ ಒಬ್ಬಳು. ಕೊಟ್ರಬಸಪ್ಪ ಕೆಟ್ಟವನಲ್ಲ, ಹೆದರಿದವನು. "ಲೇ ಹುಸೇನಪ್ಪ, ಒಂದ್ ಸಲ ಹೊಡದ್ರ ಏನಾಕ್ಕತೋ?" ಅಂದ. ಹುಸೇನಪ್ಪನ ಎಡಗೈ ಆಡತೊಡಗಿತು.

ಬುಧವಾರ ಬೆಳಿಗ್ಗೆ ಅವನು ಕೋಟು ಸಮೇತ ಬಾಗಿಲಲ್ಲಿ ಹೊಟ್ಟೆ ಅಡಿಮಾಡಿ ಮಲಗಿದ. ಕೆನ್ನೆ ಮಣ್ಣಿಗೆ ಹಚ್ಚಿ ಒಂದು ತಾಸು ಅಲುಗದೆ ನೋಡಿದ. ಇರುವೆಯ ಸಾಲು ಹೊಸ್ತಿಲು ದಾಟಿ, ನೀರಿನ ಪೈಪಿನ ಮೇಲೆ ನಡೆದು, ಆ ಮೂಲೆಯ ಗಿಡಗಳನ್ನೇರುತ್ತಿತ್ತು. ಹೇನಿನ ಸಿಹಿ ಅಂಟನ್ನು ನೆಕ್ಕುವ ಇರುವೆ, ಹೇನನ್ನು ನಾವು ಎಮ್ಮೆ ಕಾಯ್ದಂತೆ ಕಾಯುತ್ತದೆ; ಗುಲಗಂಜಿ ಹುಳ ಹತ್ತಿರ ಬಂದರೆ ಕಡಿದು ಓಡಿಸುತ್ತದೆ. ಅವನ ಮಂದಿಯನ್ನು ಓಡಿಸಿದವರು ಸಿಕ್ಕರು. ಅವರನ್ನು ಕರೆದವರು ಯಾರು? ಸಾಲನ್ನು ಹಿಂದಕ್ಕೆ ಹಿಡಿದು ಹೋದಾಗ ಹೊಸ್ತಿಲ ಕಲ್ಲಿನ ಬಗಲಿಗೆ ಜೋಳದ ಹಿಟ್ಟು, ಸಕ್ಕರೆ, ಮೇಲೊಂದು ಚಿಟಿಕೆ ಅರಿಶಿನ.

ಗೌಡರ ಹೆಂಡತಿ ಬಸವಣ್ಣೆಮ್ಮ ಸೋಮವಾರ ಸೋಮವಾರ ಇರುವೆಗೆ ಸಕ್ಕರೆ ಹಾಕುವವಳು. ಅತ್ತೆಯ ಕಾಲದಿಂದ ಮನೆಯ ಹಿತ್ತಿಲಲ್ಲಿ ನಡೆದು ಬಂದದ್ದನ್ನು, ಬೆಳೆ ಚೆನ್ನಾಗಿ ಬರಲೆಂದು ಎರಡು ತಿಂಗಳಿಂದ ನೆಟ್‌ಹೌಸಿನ ಬಾಗಿಲಿಗೆ ತಂದಿದ್ದಳು. ಬೆಳೆ ಉಳಿಯಲೆಂದು ಇವನು ಹುಳ ಬಿಡುತ್ತಿದ್ದರೆ, ಬೆಳೆಯ ಪುಣ್ಯಕ್ಕೆ ಆಕೆ ಇರುವೆ ಸಾಕುತ್ತಿದ್ದಳು.

"ಅವ್ವಾರ, ನೀವು ವೈರಿಗೆ ಊಟಕ್ಕ ಹಾಕ್ಯೀರಿ."

"ಇರವಿಗೆ ಸಕ್ರಿ ಹಾಕಬ್ಯಾಡ ಅಂತೀಯಲ್ಲೋ ಪಾಪಿ! ಬಾಯಿಲ್ಲದ ಜೀವಕ್ಕ ಹಾಕಿದ್ದು ಅದು."

"ಬಾಯಿಲ್ಲ ಅಂತ ಯಾರ್ ಹೇಳಿದ್ರು? ಬರ್ರಿ, ತೋರಿಸ್ತೀನಿ." ಆಕೆಯನ್ನು ಕರೆತಂದು ಒಂದು ಗುಲಗಂಜಿ ಹುಳವನ್ನು ಆ ಗಿಡದ ಮೇಲೆ ಬಿಟ್ಟ. ಮೂರು ಇರುವೆ ಬಂದು ಅದರ ಕಾಲು ಹಿಡಿದವು. ಬಸವಣ್ಣೆಮ್ಮ ಬಹಳ ಹೊತ್ತು ನೋಡಿದಳು. ನಂತರ ತಾನೇ ಸಕ್ಕರೆ ಡಬ್ಬಿ ತಂದು, ಹೊಸ್ತಿಲಿನಿಂದ ಬದುವಿನಾಚೆಯ ಬನ್ನಿ ಗಿಡದತನಕ ಸಣ್ಣ ಗೆರೆ ಎಳೆದು, ಅದರ ಬುಡದಲ್ಲಿ ಡಬ್ಬಿ ಮಗುಚಿದಳು. "ಇಲ್ಲಿ ಉಣ್ರವ್ವಾ, ಅಲ್ಲಿ ಬರಬ್ಯಾಡ್ರಿ" ಎಂದು ಇರುವೆಗಳಿಗೂ ಹೇಳಿದಳು. ಹುಸೇನಪ್ಪ ಇರುವೆ ದಾಟದಂತೆ ಪೈಪಿಗೂ ಹೊಸ್ತಿಲಿಗೂ ಗ್ರೀಸು ಬಳಿದು, ಕೋಟಿನ ಪೊಟ್ಟಣಗಳನ್ನೆಲ್ಲ ಆ ಮೂಲೆಯಲ್ಲಿ ತೆರೆದ. ಆದರೆ ಗುರುವಾರಕ್ಕೆ ಉಳಿದದ್ದು ಒಂದೇ ರಾತ್ರಿ. ಹುಳಕ್ಕೆ ಬೇಕಾದದ್ದು ಎಂಟು ದಿನ.

ಗುರುವಾರ ಪ್ರಭುರಾಜ ಬ್ಯಾಟರಿ ಪಂಪನ್ನೂ ಹೊಡೆಯುವ ಆಳನ್ನೂ ಗಾಡಿಯಲ್ಲಿ ತಂದ. ಬೇವಿಗೆ ನೇತುಹಾಕಿದ್ದ ಹಳೇ ಪಂಪಿನ ಮೂತಿಯನ್ನು ಕಣಜವೊಂದು ಮಣ್ಣು ಮೆತ್ತಿ ಮುಚ್ಚಿತ್ತು. ಸುದ್ದಿ ತಿಳಿದು ನಾನೂ ಹೋಗಿದ್ದೆ, ಕೈ ತೊಳೆದುಕೊಂಡು. ನಾಲ್ಕು ಮಾತಾಡೋಣವೆಂದು ಗಂಟಲು ಸರಿಮಾಡಿದರೆ ಹುಸೇನಪ್ಪ ತಡೆದ: "ಭಾಷಣ ಬ್ಯಾಡ ಅಣ್ಣಾರ. ಒಳಗ ಬಂದು ಬಾಗಲಾ ಹಾಕ್ರಿ, ನಮ್ಮ ಮಂದಿ ಹಾರಿ ಹೋಕ್ಕಾವ." ಒಳಗೆ ಇಪ್ಪತ್ತೆರಡು ಹೆಂಗಸರು ಸಾಲು ಸಾಲಾಗಿ ನಿಂತು, ಏನೂ ಆಗಿಲ್ಲವೆಂಬಂತೆ ಮೊಗ್ಗು ಬಿಡಿಸಿ ದಾರ ಕಟ್ಟುತ್ತಿದ್ದರು.

"ಹೊರಗ ಬರ್ರಿ, ಔಷಧ ಹೊಡಿಬೇಕು" ಎಂದು ಪ್ರಭುರಾಜ ಪರದೆಯ ಆಚೆಯಿಂದ ಕೂಗಿದ.

"ಹೊಡೀರಿ ಸಾಹೇಬ್ರ" ಅಂದಳು ದುರಗಮ್ಮ, ಕೈ ನಿಲ್ಲಿಸದೆ. "ಮೂರ್ ತಾಸು ಬಿಟ್ಟು ಹೆಂಗೂ ಕುಡಿತೀವಿ. ಈಗ ಬಿಸಿ ಬಿಸಿ ಕುಡಿತೀವಿ."

ಪಂಪಿನ ಆಳು ಕೊಳವೆ ಕೆಳಗಿಟ್ಟ. ಪ್ರಭುರಾಜ ಗೌಡನ ಮುಖ ನೋಡಿದ. ಗೌಡ ಹೆಂಡತಿಯ ಮುಖ ನೋಡಿದ. ಬಸವಣ್ಣೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪರದೆಯೊಳಗೆ ಬಂದು ಶ್ವೇತಾಳ ಪಕ್ಕ ನಿಂತಳು. ಹುಸೇನಪ್ಪ ಪರದೆಗೆ ಮೂಗು ಹಚ್ಚಿ ಅಂದ: "ಎಂಟ್ ದಿನ ಕೊಡ್ರಿ. ಆಗಲಿಲ್ಲಂದ್ರ ನಾನ ಗಿಡ ಕೀಳ್ತೀನಿ. ಔಷಧ ಮಾತ್ರ ಆಗಂಗಿಲ್ಲ." ಗಾಡಿ ಬಂದ ದಾರಿಗೆ ಹೋಯಿತು.

ಎಂಟನೆಯ ದಿನಕ್ಕೆ ಮೂಲೆ ತಿಳಿಯಾಯಿತು. ಪೂರ್ತಿ ಅಲ್ಲ; ಎರಡು ಸಾಲು ಸುಧಾರಿಸಲಿಲ್ಲ, ಹುಸೇನಪ್ಪ ಹೇಳಿದಂತೆ ತಾನೇ ಕಿತ್ತು ಸುಟ್ಟ. ಪ್ರಭುರಾಜ ಬಂದು ನೋಡಿ ಪ್ಲಾಟು ಪಾಸು ಮಾಡಿದ. ಕಥೆ ಬೇರೆ ಯಾರದ್ದಾದರೂ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪಾಸಾದ ಕಾಗದದ ನಕಲನ್ನು ಶ್ವೇತಾ ಓದಿ ಹೇಳಿದಳು: "ಗುರುವಾರ ಔಷಧ ಸಿಂಪಡಿಸಿದೆ. ಸಿಂಪಡಿಸಿದವರು: ಹುಸೇನಪ್ಪ." ತನ್ನ ನೌಕರಿ ಉಳಿಸಿಕೊಳ್ಳಲು ಪ್ರಭುರಾಜ ಹಾಗೆ ಬರೆದಿದ್ದ.

"ಪಾಸಾತಲ್ಲೋ ಮಾರಾಯ, ಸುಮ್ಕಿರು" ಎಂದು ಗೌಡ ಕೈ ಮುಗಿದ. ನಾನೂ ಅದನ್ನೇ ಅಂದೆ. ಗೆದ್ದ ಮೇಲೆ ಕಾಗದದ ಜೊತೆ ಯಾಕೆ ಗುದ್ದಾಟ ಅಂದೆ. ಅವನು ನನ್ನನ್ನು ಹತ್ತಿರ ಬಂದು ಮೂಸಿದ. ಏನು ವಾಸನೆ ಸಿಕ್ಕಿತೋ, ಶ್ವೇತಾಳನ್ನು ಕರೆದುಕೊಂಡು ಕುಷ್ಟಗಿಯ ಬಸ್ಸು ಹತ್ತಿದ. ಕಂಪನಿಯ ಆಫೀಸಿನ ಮೆಟ್ಟಿಲ ಮೇಲೆ ಕರಿ ಕೋಟು ಹಾಕಿಕೊಂಡು ಬೆಳಿಗ್ಗೆಯಿಂದ ಕೂತ. ಚಹಾ ಕೊಟ್ಟರು, ಕುಡಿಯಲಿಲ್ಲ. ಸಾಹೇಬರಿಲ್ಲ ಅಂದರು, ಬರಲಿ ಅಂದ. ನಾಲ್ಕು ಗಂಟೆಗೆ ಬಂದ ಸಾಹೇಬರು, "ಏನಪಾ ನಿಂದು? ಲುಕ್ಸಾನ ಏನಾಗೈತಿ?" ಅಂದರು.

"ಆ ಹುಡುಗಿ ಬಿದ್ದ ದಿನ ನಾ ಹೊಡದಿದ್ದೆ. ಅವತ್ತು ನಿಮ್ಮ ಪುಸ್ತಕದಾಗ ನನ್ನ ಹೆಸರು ಬರೀಲಿಲ್ಲ. ಈಗ ಹೊಡದಿಲ್ಲ. ಈಗ ಯಾಕ ಬರದ್ರಿ?"

ಸಾಹೇಬರು ಪುಸ್ತಕ ತರಿಸಿ, ಪ್ರಭುರಾಜನನ್ನೂ ಕರೆಸಿದರು. ಪ್ರಭುರಾಜನೇ ಆ ಸಾಲು ಹೊಡೆದುಹಾಕಿ, ಏನು ಬರೆಯಲಿ ಎಂದು ಸಿಡುಕಿನಿಂದ ಕೇಳಿ, ಹುಸೇನಪ್ಪ ಹೇಳಿದ್ದನ್ನೇ ಬರೆದ. ಶ್ವೇತಾ ಎರಡು ಸಲ ಓದಿದಳು: "ಔಷಧ ಹೊಡೆದಿಲ್ಲ. ಹುಸೇನಪ್ಪ ಬಿಡಲಿಲ್ಲ."

ಈ ಹಂಗಾಮಿಗೆ ಕಂಪನಿ ಕೊಟ್ರಬಸಪ್ಪನಿಗೆ ಬೀಜದ ಪ್ಲಾಟು ಕೊಟ್ಟಿಲ್ಲ. ನೆಟ್‌ಹೌಸಿನಲ್ಲಿ ಈಗ ತಿನ್ನುವ ಸೌತೆಕಾಯಿ ಬೆಳೆದಿದೆ, ದುರಗಮ್ಮನ ಗುಂಪಿನ ಅರ್ಧ ಜನಕ್ಕೆ ಅಲ್ಲಿ ಕೆಲಸವಿದೆ, ಅರ್ಧ ಜನಕ್ಕಿಲ್ಲ. ಇದನ್ನು ಮುಚ್ಚಿಟ್ಟು ಅವನನ್ನು ಹೊಗಳಿದರೆ ಅವನೇ ಮೂಸಿ ಹಿಡಿದಾನು.

ಸೋಲೊಪ್ಪದ ಮಂದಿಯನ್ನು ನಾನು ಚಳವಳಿಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಹಾರ ಬೀಳುತ್ತವೆ, ವೇದಿಕೆ ಸಿಗುತ್ತದೆ, ಕೆಲವರಿಗೆ ಚುನಾವಣೆಯ ಟಿಕೆಟ್ಟೂ ಸಿಗುತ್ತದೆ. ಸುಳ್ಳು ಬೆರೆತ ಗೆಲುವನ್ನು ಒಪ್ಪದವರು ಬೇರೆಯೇ ಒಂದು ಜಾತಿ. ಅವರು ಕಡಿಮೆ, ಜೊತೆಗಿರಲು ಕಷ್ಟ, ಗೆದ್ದ ದಿನವೂ ನಮ್ಮನ್ನು ನೆಮ್ಮದಿಯಾಗಿ ಉಣಗೊಡುವುದಿಲ್ಲ. ಅವರನ್ನು ಮುನ್ನಡೆಸಬಹುದೆಂದು ನನ್ನಂಥವರು ಮೈಕು ಹಿಡಿದು ಹೋಗುತ್ತೇವೆ. ಹೋಗುವಾಗ ಕೈ ತೊಳೆದುಕೊಂಡಿರಬೇಕು; ಬಾಗಿಲಲ್ಲಿ ಮೂಸುತ್ತಾರೆ.