ಕೆಂಪು ಕೊಟ್ಟಿಗೆ ಇದ್ದ ಕಡೆ ಎಡಕ್ಕೆ

“ಇಲ್ಲೇ ಎಲ್ಲೋ ಇರ್ಬೇಕು,” ಎನ್ನುತ್ತ ಡೆಲ್ಮಾರ್ ಪಿಕಪ್ಪಿನ ವೇಗ ತಗ್ಗಿಸಿ ಕಿಟಕಿಯಿಂದ ತಲೆ ಹೊರಹಾಕಿದ. “ಕೆಂಪು ಕೊಟ್ಟಿಗೆ ಇದ್ದ ಕಡೆ ಎಡಕ್ಕೆ ತಿರುಗು ಅಂದಿದ್ದ ಪಕ್ಕದ್ಮನೆ ಆನ್ಸೆಲ್.”

“ಇದ್ದ ಕಡೆ ಅಂದ್ರೆ? ಈಗಿಲ್ವಾ?” ಎಂದಳು ವೆರ್ನಾ.

“ಇಲ್ಲ. ಬಿರುಗಾಳೀಲಿ ಬಿದ್ದುಹೋಯ್ತಂತೆ.”

“ಯಾವಾಗ?”

“ನಮ್ ಮದ್ವೆಗೆ ಮುಂಚೆ.”

ವೆರ್ನಾ ಹಣೆ ಹಣೆ ಚಚ್ಚಿಕೊಂಡಳು. “ಇರೋ ಕೊಟ್ಟಿಗೇನೇ ಈ ಜೋಳದ ಮಧ್ಯೆ ಕಾಣಲ್ಲ, ಇನ್ನು ಬಿದ್ದುಹೋದದ್ದನ್ನ ಹುಡುಕ್ತಾನಂತೆ!”

ಅಯೋವಾದಲ್ಲಿ ದಾರಿ ಹೇಳುವುದೇ ಹೀಗೆ. ಕಡಿದ ಮರ, ಮುಚ್ಚಿದ ಶಾಲೆ, ಸತ್ತವರ ಮನೆ. ವೆರ್ನಾ ಕೂಡ ಹಾಗೇ ಹೇಳುವವಳು, ತನ್ನ ಊರಿನ ಸುತ್ತಮುತ್ತ ಅದು ನಡೆಯುತ್ತಲೂ ಇತ್ತು. ಆದರೆ ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಇಲ್ಲದ ಕೊಟ್ಟಿಗೆ ಯಾರಿಗೆ ಕಾಣಬೇಕು? ಎರಡೂ ಕಡೆ ಆಳೆತ್ತರದ ಮುಸುಕಿನ ಜೋಳ, ನಡುವೆ ಮಣ್ಣಿನ ರಸ್ತೆ. ನೀರಿನ ಜಾರುಬಂಡೆಗಳೂ ರೋಲರ್ ಕೋಸ್ಟರೂ ಇರುವ ಪಾರ್ಕು ಇದರೊಳಗೆ ಎಲ್ಲಿ ಅವಿತುಕೊಂಡಿದೆಯೋ ದೇವರೇ ಬಲ್ಲ.

ಇಬ್ಬರ ನಡುವೆ ಒತ್ತರಿಸಿಕೊಂಡು ಕೂತಿದ್ದ ಮಗಳು ಕೊರಿನ್ ತುಟಿಪಿಟಕ್ ಎನ್ನಲಿಲ್ಲ. ವೆರ್ನಾಳ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ಆ ಪಾರ್ಕಿಗೆ ಹೋಗೋಣವೆಂದು ಹುಡುಗಿ ಪ್ರತಿ ಬೇಸಿಗೆಯೂ ಗೋಗರೆದಿದ್ದಳು. ಒಂದು ವರ್ಷ ಹುಲ್ಲು ಕೊಯ್ಲು, ಇನ್ನೊಂದು ವರ್ಷ ಹಸುಗಳಿಗೆ ಕೆಚ್ಚಲು ಬಾವು, ಮತ್ತೊಂದು ವರ್ಷ ಏನೋ. ಈ ಸಲ ಅವಳು ಕೇಳಲೇ ಇಲ್ಲ. ವೆರ್ನಾಳೇ ಮಾತೆತ್ತಿದಾಗ, “ಬಿಡಮ್ಮ, ಹಾಲು ಯಾರು ಕರೀತಾರೆ?” ಎಂದು ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದಳು, ಐವತ್ತು ದಾಟಿದ ಹೆಂಗಸಿನ ಹಾಗೆ. ಹನ್ನೆರಡು ವರ್ಷದ ಮಗುವಿನ ಬಾಯಲ್ಲಿ ಆ ಮಾತು ಕೇಳಿ ವೆರ್ನಾಗೆ ಅನ್ನ ಸೇರಿರಲಿಲ್ಲ. ಮರುದಿನವೇ ಹೋಗಿ ಆನ್ಸೆಲ್‌ನ ಕಾಲು ಕೈ ಹಿಡಿದು, ಈ ಒಂದು ಸಂಜೆ ಹಾಲು ಕರೆದುಕೊಡಲು ಒಪ್ಪಿಸಿದ್ದಳು.

“ಇಲ್ಲೊಂದು ಮಾತು ಕೇಳ್ಕೊಂಡು ಬರ್ತೀನಿ,” ಎಂದು ಡೆಲ್ಮಾರ್ ಒಂದು ಹೊಲದ ಪಕ್ಕ ಗಾಡಿ ನಿಲ್ಲಿಸಿದ. ಒಬ್ಬ ಮುದುಕ ಮತ್ತು ಅವನ ಹೆಂಡತಿ ಒಣಹುಲ್ಲಿನ ಕಟ್ಟುಗಳನ್ನು ಟ್ರೇಲರಿಗೆ ಏರಿಸುತ್ತಿದ್ದರು. ಪಡುವಣದಲ್ಲಿ ಮೋಡ ಕಪ್ಪಗೆ ಕವಿದಿತ್ತು. ಮುದುಕ ಕೈ ತೋರಿಸಿ ಏನೋ ಹೇಳಿದ. ಡೆಲ್ಮಾರ್ ತಲೆಯಾಡಿಸಿದ, ಮೋಡ ನೋಡಿದ, ಹಿಂದಿನ ಜೇಬಿನಿಂದ ಕೈಗವಸು ತೆಗೆದು ತೊಡತೊಡಗಿದ.

“ಡೆಲ್ಮಾರ್! ಬೇಡ!” ವೆರ್ನಾ ಕಿರುಚಿದಳು.

“ಮಳೆ ಬರ್ತಿದೆ ಕಣೇ! ನೆನೆದ್ರೆ ಹುಲ್ಲೆಲ್ಲ ಬೂಷ್ಟು. ಅರ್ಧ ಗಂಟೆ, ಅಷ್ಟೇ!”

ಅರ್ಧ ಗಂಟೆಯಂತೆ! ಮುದುಕಿ ಆಗಲೇ ನಿಂಬೆ ಪಾನಕದ ಜಗ್ಗು ಹಿಡಿದುಕೊಂಡು, “ನೀವು ಯಾವೂರ ಕಡೆಯವ್ರಪ್ಪಾ? ಆ ಕಡೆ ನಮ್ಮವ ಲೀಲೆಂಡ್ ಅಂತಿದ್ದಾನೆ, ಅವ್ನಿಗೆ ಏನಾಗ್ಬೇಕು?” ಎಂದು ನಂಟು ಕೆದಕತೊಡಗಿದ್ದಳು. ಹುಲ್ಲು ಹೊಲದಲ್ಲಿರುವಾಗ, ಮಳೆ ತಲೆಯ ಮೇಲಿರುವಾಗ, ದಾರಿ ಕೇಳಿಕೊಂಡು ಸುಮ್ಮನೆ ಹೊರಟುಹೋಗುವವನು ಈ ಸೀಮೆಯಲ್ಲಿ ಗಂಡಸೇ ಅಲ್ಲ. ವೆರ್ನಾಗೂ ಅದು ಗೊತ್ತು. ಗೊತ್ತಿದ್ದರಿಂದಲೇ ಸಿಟ್ಟು ಇಮ್ಮಡಿಯಾಯಿತು.

ಡ್ರೈವರ್ ಕಡೆಯ ಬಾಗಿಲು ಕಿರುಗುಟ್ಟಿತು. ಕೊರಿನ್ ಒಂದು ಕಾಲು ಕೆಳಗಿಟ್ಟಿದ್ದಳು.

“ನೀನೆಲ್ಲಿಗೆ?”

“ನಾನೂ ಎತ್ತಿಕೊಡ್ತೀನಮ್ಮ. ಬೇಗ ಮುಗಿಯುತ್ತೆ. ಆಗ್ದಿದ್ರೆ ಮನೆಗೆ ಹೋಗೋಣ, ಪರ್ವಾಗಿಲ್ಲ.”

ಆ ‘ಪರ್ವಾಗಿಲ್ಲ’ ಎನ್ನುವ ಮಾತಿಗೆ ವೆರ್ನಾಳ ತಾಳ್ಮೆಯ ಕಟ್ಟೆ ಒಡೆಯಿತು. “ಕೂತ್ಕೊಳ್ಳೇ ಒಳಗೆ!” ಎಂದು ಮಗಳ ತೋಳು ಹಿಡಿದೆಳೆದು, ಅವಳನ್ನು ದಾಟಿಕೊಂಡು ಡ್ರೈವರ್ ಸೀಟಿಗೆ ಜರುಗಿ, ಗಾಡಿ ಚಾಲೂ ಮಾಡಿದಳು.

“ಅಜ್ಜಾ! ದಾರಿ ಯಾವ್ದು?”

“ನೇರ ಹೋಗಮ್ಮ, ಎತ್ತರದ ನೀರಿನ ಟ್ಯಾಂಕ್ ಇದೆಯಲ್ಲ, ಅಲ್ಲಿ ಎಡಕ್ಕೆ!”

“ಅದು ಈಗ್ಲೂ ಇದೆ ತಾನೇ?”

“ಇದೆ, ಇದೆ!”

ಟ್ರೇಲರಿನ ಮೇಲಿದ್ದ ಡೆಲ್ಮಾರ್ ಕಟ್ಟನ್ನು ಎದೆಗವಚಿಕೊಂಡೇ ಬಾಯಿ ಬಿಟ್ಟ. “ಏಯ್, ಎಲ್ಲಿಗೆ?”

“ಸಂಜೆ ಬರ್ತೀನಿ. ಊಟ ಅವ್ರೇ ಹಾಕ್ತಾರೆ!”

ಧೂಳೆಬ್ಬಿಸಿಕೊಂಡು ಗಾಡಿ ಹೊರಟಿತು. ಕೊರಿನ್ ಹಿಂದಿನ ಗಾಜಿನಲ್ಲಿ ನೋಡಿದಳು, ಅಮ್ಮನನ್ನು ನೋಡಿದಳು. “ಅಮ್ಮಾ, ಅಪ್ಪನ್ನ ಬಿಟ್ಟೇ ಬಂದ್ಬಿಟ್ಟೆ!” ಎಂದವಳಿಗೆ ನಗು ತಡೆಯಲಾಗಲಿಲ್ಲ.

ಪಾರ್ಕು ತಲುಪುವಷ್ಟರಲ್ಲಿ ಗುಡುಗು ಶುರುವಾಗಿ ನೀರಿನ ಜಾರುಬಂಡೆಗಳನ್ನೆಲ್ಲ ಮುಚ್ಚಿದ್ದರು. ರೋಲರ್ ಕೋಸ್ಟರಿನ ಹತ್ತಿರ ನಿಂತಿದ್ದವನು, “ಬೇಗ ಹತ್ತಿ ತಾಯಿ, ಇದಾದ್ಮೇಲೆ ನಿಲ್ಲಿಸ್ತೀವಿ,” ಎಂದ. ಮರದ ಹಳಿಯ ಮೇಲೆ ಡಬ್ಬಿ ಗಡಗಡ ಏರಿತು. ತುದಿಯಲ್ಲಿ ಒಂದು ಕ್ಷಣ ಸುತ್ತ ಜೋಳದ ಹಸಿರು ಕಂಡದ್ದಷ್ಟೇ ವೆರ್ನಾಗೆ ನೆನಪು. ಆಮೇಲೆ ಡಬ್ಬಿ ಧುಮುಕಿತು. ಗಂಡನಿಗೂ ಆನ್ಸೆಲ್‌ಗೂ ಸೇರಿಸಿ ಬಾಯಿಗೆ ಬಂದಂತೆ ಬೈಯುತ್ತ ಕೆಳಗಿಳಿದಳು.

ಇಳಿಯುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಇಬ್ಬರೂ ಪಾಪ್‌ಕಾರ್ನ್ ಅಂಗಡಿಯ ಸೂರಿನ ಕೆಳಗೆ ಓಡಿದರು. ಕೊರಿನ್ ಅಮ್ಮನ ತೋಳು ಹಿಡಿದು ಜಗ್ಗಿದಳು.

“ಅಮ್ಮಾ, ಮಳೆ ನಿಂತ್ಮೇಲೆ ಇನ್ನೊಂದ್ಸಲ ಹತ್ತೋಣಮ್ಮಾ. ಒಂದೇ ಒಂದ್ಸಲ. ಪ್ಲೀಸಮ್ಮಾ.”

ವೆರ್ನಾ ನಗು ಅದುಮಿಕೊಂಡು ಕಿವಿಗೆ ಕೈ ಅಡ್ಡ ಹಿಡಿದಳು.

“ಏನಂದೆ? ಈ ಮಳೆ ಸದ್ದಲ್ಲಿ ಕೇಳಿಸ್ಲಿಲ್ಲ.”

ಮಗಳು ತುದಿಗಾಲಲ್ಲಿ ನಿಂತು, ಅಮ್ಮನ ಕಿವಿಗೆ ಬಾಯಿಟ್ಟು, ಜೋರಾಗಿ ಮತ್ತೆ ಕೇಳಿದಳು.