ಒಂಬೈನೂರು ಮೂಟೆಯ ಸಂಬೂಕ್

"ಆರು ಸಾವಿರ ರಿಯಾಲ್" ಎಂದು ಹಡಗು ಕಂಪನಿಯ ಗುಮಾಸ್ತ ಹಿಲಾಲ್ ಕಾಗದ ನೋಡಿ ಓದಿದಾಗ ದೋಣಿಯ ಯಜಮಾನ, ನಾಖುದಾ ಖಲ್ಫಾನ್ ಗಹಗಹಿಸಿ ನಕ್ಕರು.

"ಒಂಬತ್ತು ಸಾವಿರಕ್ಕೆ ಮಾರಿದ ದೋಣಿನ ತಲುಪಿಸೋಕೆ ಆರು ಸಾವಿರಾನಾ? ನಲವತ್ತು ವರ್ಷ ನನ್ನನ್ನ ಹೊತ್ತ ಸಂಬೂಕ್ ದೋಣಿ ಕಣಯ್ಯಾ ಅದು. ಈಗ ಅದನ್ನ ಇನ್ನೊಂದು ಹಡಗಿನ ಬೆನ್ನ ಮೇಲೆ ಕೂರಿಸಬೇಕಾ, ಕಾಲು ಸೋತ ಮುದುಕಿ ಥರ? ಎರಡು ಸಾವಿರದಲ್ಲಿ ನಾನೇ ಹಾಯಿ ಬಿಚ್ಚಿ ಝಾಂಜಿಬಾರ್ ಮುಟ್ಟಿಸ್ತೀನಿ. ಗಾಳಿಗೇನು ಬಾಡಿಗೆ ಕೊಡಬೇಕಾ?"

ಹಲ್ವಾ ತಟ್ಟೆ ಹಿಡಿದು ಬರುತ್ತಿದ್ದ ಹೆಂಡತಿ ರಾಯಾ ಬಾಗಿಲಲ್ಲೇ ನಿಂತುಬಿಟ್ಟರು. ಹಡಗಿನ ಬಾಡಿಗೆ ಕಡಿಮೆಯಾಗಲೆಂದು ವಾರದಿಂದ ದೇವರಲ್ಲಿ ಬೇಡಿಕೊಂಡಿದ್ದರು. ಗಂಡನಿಗೆ ಎರಡು ವರ್ಷದಿಂದ ಕಣ್ಣು ಮಂಜಾಗುತ್ತಿದೆ. ಹೋದ ತಿಂಗಳು ಬಟ್ಟೆ ಅಂಗಡಿಯ ಬೊಂಬೆಗೆ ಸಲಾಂ ಹೇಳಿ, ಅದು ಉತ್ತರ ಕೊಡಲಿಲ್ಲವೆಂದು ಸಂಜೆಯವರೆಗೂ ಸಿಟ್ಟಾಗಿದ್ದರು. ಇದು ರಾಯಾ ಅವರೊಬ್ಬರಿಗೇ ಗೊತ್ತು. ಅವರಿಗೆ ಗೊತ್ತಿದೆ ಎಂಬುದು ಗಂಡನಿಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ನಮ್ಮ ಕಡಲತೀರದ ಸೂರ್ ಊರಿನಲ್ಲಿ ನಾಖುದಾನನ್ನು ಜಿಪುಣ ಅನ್ನಬಹುದು, ಸುಳ್ಳುಗಾರ ಅನ್ನಬಹುದು. ಕಣ್ಣಿಲ್ಲದವನು ಅಂದರೆ ಮುಗಿಯಿತು, ಅವನು ಮನೆಯಿಂದ ಹೊರಗೆ ಬರುವುದಿಲ್ಲ. ಆದರೆ ಹೇಳದೆ ಕಳಿಸಿದರೆ ಅವರ ಮಾತು ನಂಬಿ ಹತ್ತುವ ನಾಲ್ವರ ಪ್ರಾಣವೂ ಹೋಗುತ್ತದೆ.

"ಇಷ್ಟು ದೊಡ್ಡ ದೋಣಿಗೆ ಇದೇ ದರ ನಾಖುದಾ" ಎಂದ ಹಿಲಾಲ್. "ಒಂಬೈನೂರು ಮೂಟೆ ಖರ್ಜೂರ ಹಿಡಿಯುತ್ತೆ ಅಂತ ಫೋನಲ್ಲಿ ನೀವೇ ಹೇಳಿದ್ರಲ್ಲ. ಅದಕ್ಕೆ ತಕ್ಕ ಉದ್ದ ಅಗಲ ಹಾಕಿದೀನಿ."

ರಾಯಾ ತಟ್ಟೆ ಕೆಳಗಿಟ್ಟರು. "ನಿಂದು ಯಾವೂರಪ್ಪಾ?"

"ನಿಜ್ವಾ, ಅಮ್ಮಾ."

ಅಲ್ಲಿಗೆ ರಾಯಾ ಅವರಿಗೆ ಎಲ್ಲ ತಿಳಿಯಿತು. ಮೂವತ್ತು ದಾಟಿದ ಗುಮಾಸ್ತ ನಿಜ, ಆದರೆ ಬೆಟ್ಟದ ಕಡೆಯವನು. ನಮ್ಮಲ್ಲಿ ದೋಣಿಯ ಗಾತ್ರವನ್ನು ಮೂಟೆಯ ಲೆಕ್ಕದಲ್ಲಿ ಹೇಳುವುದು ವಾಡಿಕೆ, ಹೇಳುವಾಗ ಅರ್ಧ ಸೇರಿಸುವುದು ಅದಕ್ಕಿಂತ ಹಳೆಯ ವಾಡಿಕೆ. ಕೇಳುವವನು ಮನಸ್ಸಿನಲ್ಲೇ ಅದನ್ನು ಕಳೆದು ಲೆಕ್ಕ ಹಾಕಿಕೊಳ್ಳುತ್ತಾನೆ, ಯಾರಿಗೂ ಬೇಜಾರಿಲ್ಲ. ಈ ಪುಣ್ಯಾತ್ಮ ಕಳೆದಿರಲಿಲ್ಲ.

"ಆರುನೂರು ಮೂಟೆ" ಎಂದರು ರಾಯಾ. "ಉದ್ದ ಇಪ್ಪತ್ತೆಂಟು ಮೊಳ. ಕಟ್ಟಿದ್ದು ನಮ್ಮಪ್ಪ. ಮೊಳ ಹಾಕುವಾಗ ಹಗ್ಗದ ಇನ್ನೊಂದು ತುದಿ ಹಿಡಿದಿದ್ದು ನಾನು."

ನಲವತ್ತು ವರ್ಷ ಬಸ್ರಾದಿಂದ ಮೊಂಬಾಸದವರೆಗೆ ಒಂಬೈನೂರು ಎಂದು ಹೇಳಿಕೊಂಡು ಬಂದ ಮಾತನ್ನು ಹೆಂಡತಿ ಹೊರಗಿನವನೆದುರು ಆರುನೂರು ಮಾಡಿದ್ದಳು. ಖಲ್ಫಾನ್ ಗಡ್ಡ ಹಿಡಿದುಕೊಂಡು ಹೆಂಡತಿಯತ್ತ ತಿರುಗಿದರು. ಅವರು ಬೈದರೆ ಬೈಯಲಿ, ಕಡಲಿಗಿಳಿಯದೆ ಮನೆಯಲ್ಲಿ ಕೂತು ಬೈಯಲಿ ಎಂದು ರಾಯಾ ತಲೆವಸ್ತ್ರ ಬಿಗಿಮಾಡಿಕೊಂಡು ಕಾದರು.

ಹಿಲಾಲ್ ಲೆಕ್ಕದ ಯಂತ್ರ ಒತ್ತಿದ. "ಹಾಗಾದ್ರೆ ಮೂರು ಸಾವಿರದ ಇನ್ನೂರು. ಆದ್ರೆ ಯಾವುದನ್ನ ಬರೀಲಿ ನಾಖುದಾ? ನಿಮ್ಮ ಅಳತೆನಾ, ಅಮ್ಮನ ಅಳತೆನಾ?"

ಖಲ್ಫಾನ್ ಗೋಡೆಯ ಕಡೆ ತಿರುಗಿ ಕೂತರು.

"ಅವಳದ್ದೇ ಬರಿ" ಎಂದರು. "ಅವಳಪ್ಪ ನಂಗೆ ಮೋಸ ಮಾಡಿದ್ದಾನೆ ಅಂತ ಮೊದಲಿಂದಲೂ ಅನುಮಾನ ಇತ್ತು."

"ಎರಡು ಸಾವಿರದಲ್ಲಿ ನಾನೇ ಮುಟ್ಟಿಸ್ತೀನಿ ಅಂದ್ರಲ್ಲ?" ಹಿಲಾಲ್‌ನ ಬಾಯಿ ಸುಮ್ಮನಿರಲಿಲ್ಲ. ರಾಯಾ ಅವನನ್ನು ದುರುಗುಟ್ಟಿ ನೋಡಿದರು.

"ಹೋಗಬಹುದು. ಹೊಸ ಹಾಯಿಗೆ ನಾನೂರು ಬೇಕು, ಅದನ್ನ ಹಿಡೀಲಿಲ್ಲ." ಖಲ್ಫಾನ್ ಬೆರಳು ಮಡಿಚಿದರು. "ಆಮೇಲೆ ವಾಪಸ್ ಬರೋದು? ಮೊದಲೆಲ್ಲ ಗಾಳಿ ತಿರುಗಿದ್ಮೇಲೆ ಅದೇ ದೋಣೀಲಿ ಬರ್ತಿದ್ವಿ. ಈ ಸಲ ದೋಣಿ ಅಲ್ಲೇ ಉಳಿಯುತ್ತೆ. ಐದು ಜನಕ್ಕೆ ವಿಮಾನದ ಟಿಕೆಟ್, ಎಂಟುನೂರಾದ್ರೂ ಆಗುತ್ತೆ. ಎಷ್ಟಾಯ್ತು?"

"ಮೂರು ಸಾವಿರದ ಇನ್ನೂರು" ಎಂದ ಹಿಲಾಲ್ ಬೆರಗಾಗಿ.

"ನೋಡಿದ್ಯಾ. ಅದೂ ಅಷ್ಟೇ, ಇದೂ ಅಷ್ಟೇ. ಸುಮ್ನೆ ಮೈ ಯಾಕೆ ನೋಯಿಸಿಕೊಳ್ಳಲಿ?"

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನಾಖುದಾನ ಲೆಕ್ಕದಲ್ಲಿ ವಾಪಸಿನ ದಾರಿಯ ಖರ್ಚು ಎಂದೂ ಇರುವುದಿಲ್ಲ, ಅದನ್ನು ಖಲ್ಫಾನ್ ತಾವೇ ಹುಡುಕಿ ತಂದಿದ್ದರು. ಗಂಡನ ಹೆಗಲು ಸಡಿಲವಾದದ್ದನ್ನು ನೋಡಿದ ಮೇಲೆ ರಾಯಾ ಅವರಿಗೆ ಅರ್ಥವಾಯಿತು, ಇಷ್ಟು ದಿನ ಹೆದರಿದ್ದು ತಾವೊಬ್ಬರೇ ಅಲ್ಲ. ಹಲ್ವಾ ಬಡಿಸುವ ನೆಪದಲ್ಲಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡರು.

ಹಿಲಾಲ್ ಕಾಗದವನ್ನು ಮುಂದಿಟ್ಟು ಪೆನ್ನು ಕೊಟ್ಟ. ಖಲ್ಫಾನ್ ಬಗ್ಗಿದರು. ಪೆನ್ನು ಕಾಗದದ ಮೇಲೆ ಅತ್ತ ಸರಿಯಿತು, ಇತ್ತ ಸರಿಯಿತು, ಎಲ್ಲಿಯೂ ಇಳಿಯಲಿಲ್ಲ.

ರಾಯಾ ಪಕ್ಕದಲ್ಲಿ ಕೂತು, ಸಹಿಯ ಗೆರೆಯ ಮೇಲೆ ತಮ್ಮ ಬೆರಳಿಟ್ಟರು. ಖಲ್ಫಾನ್ ಎಡಗೈಯಿಂದ ಆ ಬೆರಳನ್ನು ಮುಟ್ಟಿ ನೋಡಿ, ಅದಕ್ಕೆ ತಾಗಿದಂತೆ ನಿಧಾನವಾಗಿ ತಮ್ಮ ಹೆಸರು ಬರೆದರು.