ಪರಿಶೀಲಿಸಿದವರು: ಗುರುಶಾಂತ

ಹರ್ಷಿತಾಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಸುತ್ತಿ ಬಳಸಿ ಹೇಳುವುದೇನು ಬಂತು, ಇತ್ತು. ಇದು ೨೦೧೦ರ ಮಾತು. ಅವಳು ಮೈಸೂರಿನಿಂದ ಹೈದರಾಬಾದಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ನಾನೋ ಆರು ವರ್ಷದಿಂದ ದಿಲ್‌ಸುಖ್‌ನಗರದಲ್ಲಿ ಕಂಪನಿ ಬಸ್ಸು ಹತ್ತಿ, ಊರಿನ ಆ ತುದಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತವನು.

ನಮ್ಮದು ಕಂಪ್ಯೂಟರ್ ಚಿಪ್ಪುಗಳ ಕೆಲಸ. ಒಂದು ಚಿಪ್ಪು ಕಳಿಸಿದ ಸಿಗ್ನಲ್ ಇನ್ನೊಂದನ್ನು ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಸೊರಗಿರುತ್ತದೆ. ಅದಕ್ಕೇ ಕಳಿಸುವ ಚಿಪ್ಪು ಅದನ್ನು ಮೊದಲೇ ತಿದ್ದಿ ಕಳಿಸುತ್ತದೆ. ಚಿಪ್ಪುಗಳನ್ನು ಕೂರಿಸುವ ಬೋರ್ಡು ಮಾಡುವ ಮುಂಚೆ ಇದನ್ನೆಲ್ಲ ಕಂಪ್ಯೂಟರಿನಲ್ಲಿ ನಡೆಸಿ ನೋಡುತ್ತೇವೆ. ಹಾಗೆ ನಡೆಸುವಾಗ ಯಾವ ಹಂತದ ನಂತರ ಯಾವುದು ಎಂದು ಹೇಳಲು ಎಲ್ಲರಿಗೂ ಒಂದೇ ಸ್ಟ್ಯಾಂಡರ್ಡ್ ಪುಸ್ತಕ. ಅದರಲ್ಲಿ ಹಂತ ಹಂತಕ್ಕೂ 'ಇನ್‌ಪುಟ್ ಸಿಗ್ನಲ್' ಎಂದಿತ್ತೇ ಹೊರತು, ತಿದ್ದುವ ಮೊದಲಿನದೋ ನಂತರದ್ದೋ ಎಂದಿರಲಿಲ್ಲ. ಹೀಗಾಗಿ ಕಂಪ್ಯೂಟರಿನಲ್ಲಿ ಚಿಪ್ಪಿನ ನಕಲಾಗಿ ನಿಲ್ಲುವ ಮಾಡೆಲ್ ಬರೆದವನೂ ತಿದ್ದುತ್ತಿದ್ದ, ಅದನ್ನು ನಡೆಸುವ ಸಾಫ್ಟ್‌ವೇರ್ ಬರೆದವನೂ ತಿದ್ದುತ್ತಿದ್ದ. ಅತ್ತೆ ಸೊಸೆ ಇಬ್ಬರೂ ಉಪ್ಪು ಹಾಕಿದ ಸಾರು.

ಈ ಗೊಂದಲ ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಹರ್ಷಿತಾಳಿಗೆ ಹೇಳಿದವನೂ ನಾನೇ. ಹೇಳಿ, ಪುಸ್ತಕ ಬರೆದವರನ್ನು ಬೈದು, ಎದ್ದು ಬಂದೆ. ಅವಳು ಹೋಗಿ ಮೂರು ಪುಟದ ಪ್ರಸ್ತಾವ ಬರೆದಳು. 'ತಿದ್ದುವ ಮೊದಲಿನ ಸಿಗ್ನಲ್', 'ತಿದ್ದಿದ ನಂತರದ ಸಿಗ್ನಲ್' ಎಂದು ಎರಡು ಬೇರೆ ಹೆಸರು, ಹಂತಗಳನ್ನು ತೋರಿಸುವ ಒಂದು ಚಿತ್ರ. ಅಷ್ಟೇ. ನಮ್ಮ ಮ್ಯಾನೇಜರ್ ಉಪೇಂದ್ರ ಅದನ್ನು ಆ ಪುಸ್ತಕ ಹೊರತರುವ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಮಿತಿಗೆ ಕಳಿಸಲು ಒಪ್ಪಿಬಿಟ್ಟರು. ಪಾಸಾದರೆ ಅವಳ ಹೆಸರು ಜಗತ್ತಿಗೆಲ್ಲ ಗೊತ್ತಾಗುತ್ತದೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಂದುಕೊಂಡೆ. ಈ ಗೆದ್ದಲು ನಾಲ್ಕು ವರ್ಷದಲ್ಲಿ ಒಂದು ಹಿಡಿ ಮಣ್ಣೂ ಹೊತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಕಳಿಸುವ ಮೊದಲು ಅವಳು ಅದನ್ನು ನನ್ನ ಕೈಗಿಟ್ಟಳು.

"ಇದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಗುರುಶಾಂತ್. ತಪ್ಪಿದ್ರೆ ಮುಲಾಜಿಲ್ದೆ ಹೇಳ್ಬಿಡಿ."

ಮೂರು ಸಲ ಓದಿದೆ. ಮೂರನೆಯ ಸಲ ಸಿಕ್ಕಿತು. ಕೆಲವು ಚಿಪ್ಪುಗಳ ಮಾಡೆಲ್ ಮೊದಲ ಹಂತದಲ್ಲಿ ಏನೂ ತಿದ್ದದೆ ಸುಮ್ಮನಿದ್ದು, ಎರಡನೆಯ ಹಂತದಲ್ಲಿ ಮಾತ್ರ ತಿದ್ದುತ್ತದೆ. ಆಗ ಮೊದಲ ಹಂತದಲ್ಲಿ 'ತಿದ್ದಿದ ನಂತರದ ಸಿಗ್ನಲ್' ಎಲ್ಲಿಂದ ಬರಬೇಕು? ಅವಳ ಚಿತ್ರದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

"ಭಾಳ ಚೆಂದ ಬರದೀರಿ," ಅಂದೆ. "ಏನೂ ತಪ್ಪಿಲ್ಲ ನೋಡ್ರಿ."

ಸಮಿತಿಯವರೇ ಹಿಡಿಯಲಿ, ಎಲ್ಲರೆದುರು ಮುಖ ಸಪ್ಪಗಾಗಲಿ ಎಂದುಕೊಂಡೆ. ಓದಿ ಒಪ್ಪಿದವರು ಕೊನೆಯ ಪುಟದ ಕೆಳಗೆ ಹೆಸರು ಹಾಕುವುದು ನಮ್ಮ ಟೀಮಿನ ಪದ್ಧತಿ. ಬೇಡ ಎನ್ನಬಹುದಿತ್ತು. ಆದರೆ ಸಮಿತಿಯವರು ಓದುವ ಕಾಗದದಲ್ಲಿ ಅವಳ ಹೆಸರೊಂದೇ ಇರುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಹಾಕಿದೆ.

ಹತ್ತು ದಿನದ ಮೇಲೆ ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ ಸಮಿತಿಯ ಸಭೆ. ನಾವು ಮೂವರು ಸ್ಪೀಕರಿನ ಸುತ್ತ ಕೂತಿದ್ದೆವು. ಜಪಾನಿನ ಹಿರಿಯರೊಬ್ಬರು ಎರಡೇ ನಿಮಿಷದಲ್ಲಿ ಅದನ್ನೇ ಕೇಳಿದರು. ಹರ್ಷಿತಾ ತಡವರಿಸಲಿಲ್ಲ. ತಾವು ಹೇಳುವುದು ಸರಿ, ಅದು ನನಗೆ ಹೊಳೆದಿರಲಿಲ್ಲ, ತಿದ್ದಿ ಕಳಿಸುತ್ತೇನೆ ಅಂದಳು. ಅವರು ಮೆತ್ತಗೆ ಇನ್ನೊಂದು ಕೇಳಿದರು: ಕೆಳಗೆ ಪರಿಶೀಲಿಸಿದವರ ಹೆಸರಿದೆಯಲ್ಲ, ಅವರಿಗೂ ಹೊಳೆಯಲಿಲ್ಲವೇ?

ಉಪೇಂದ್ರ ಮ್ಯೂಟ್ ಒತ್ತಿ ನನ್ನ ಕಡೆ ತಿರುಗಿದರು. "ಮೂರು ಸಲ ಓದೀನಿ ಅಂದಿದ್ರೆಲ್ಲರಿ. ನಿಮಗ ಕಾಣಲಿಲ್ಲೇನು?"

ಕಂಡಿತ್ತು ಅಂದರೆ ನೀಚ. ಕಾಣಲಿಲ್ಲ ಅಂದರೆ ದಡ್ಡ.

"ಇಲ್ಲರಿ ಸರ್," ಅಂದೆ. "ನನಗ ಕಾಣಲಿಲ್ಲ."

"ಹೋಗ್ಲಿ ಬಿಡಿ ಸರ್," ಅಂದಳು ಹರ್ಷಿತಾ. "ಅದು ಎಲ್ರಿಗೂ ಕಾಣೋ ಅಂಥದ್ದಲ್ಲ."

ಮಧ್ಯಾಹ್ನದೊಳಗೆ ಅವಳು ಚಿತ್ರಕ್ಕೆ ಹೊಸದೊಂದು ಚೌಕ ಸೇರಿಸಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. "ನಿಧಾನಕ್ಕೆ ಹೇಳ್ತೀನಿ, ಅರ್ಥ ಆಗ್ದಿದ್ರೆ ಕೇಳಿ," ಅಂದಳು. ಅವಳ ದನಿಯಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ನಾನು ಹತ್ತು ದಿನದ ಹಿಂದೆಯೇ ಮನಸ್ಸಿನಲ್ಲಿ ಬರೆದಿದ್ದ ಚೌಕವನ್ನು ಅವಳು ಅರ್ಧ ಗಂಟೆ ನನಗೆ ವಿವರಿಸಿದಳು. ನಡುನಡುವೆ ನಾನು "ಹೌದೇನ್ರಿ?" ಅಂದೆ.